ಚಾರ್ಜರಿಗೆ ಗದರಿಕೆ, ಸೆಟ್‌ಟಾಪ್ ಬಾಕ್ಸಿಗೆ ಮಾಫಿ

ಮನೆಯ ವಿದ್ಯುತ್ ಉಳಿತಾಯದ ಮಾತು ಬಂದಾಗಲೆಲ್ಲ ಮೊದಲು ಬೈಸಿಕೊಳ್ಳುವುದು, ಫೋನನ್ನು ಕಳಚಿಕೊಂಡ ಮೇಲೂ ಗೋಡೆಯ ಸಾಕೆಟ್ಟಿನಲ್ಲೇ ಉಳಿದುಬಿಡುವ ಮೊಬೈಲ್ ಚಾರ್ಜರ್. ಅದನ್ನು ಕಿತ್ತಿಡದವರನ್ನು ಬೇಜವಾಬ್ದಾರಿಗಳೆಂದು ಹಳಿಯುವ ಸಂದೇಶಗಳು ಆಗಾಗ ಹರಿದಾಡುತ್ತಲೇ ಇರುತ್ತವೆ. ಬಳಸದ ಉಪಕರಣವನ್ನು ಆರಿಸಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ತಕರಾರಿಲ್ಲ. ಯಾವುದನ್ನು ಮೊದಲು ಆರಿಸಬೇಕೆಂಬ ಲೆಕ್ಕವನ್ನೇ ಹಾಕದೆ, ಕೈಗೆ ಸುಲಭವಾಗಿ ಸಿಕ್ಕಿದ್ದರ ಮೇಲೆ ಶ್ರದ್ಧೆಯನ್ನೆಲ್ಲ ಸುರಿದು, ನಿಜವಾಗಿ ಕರೆಂಟ್ ತಿನ್ನುವ ಪೆಟ್ಟಿಗೆಗಳತ್ತ ಕಣ್ಣೆತ್ತಿಯೂ ನೋಡದಿರುವ ನಮ್ಮ ರೂಢಿಯ ಬಗ್ಗೆ ಮಾತ್ರ ನನ್ನ ತಕರಾರು.

ಲೆಕ್ಕ ಕಷ್ಟದ್ದೇನಲ್ಲ. ವರ್ಷಕ್ಕೆ 8,760 ಗಂಟೆಗಳಿರುವುದರಿಂದ, ಹಗಲಿರುಳು ಒಂದೇ ಒಂದು ವ್ಯಾಟ್ ಎಳೆಯುವ ಉಪಕರಣವೂ ವರ್ಷ ತುಂಬುವಾಗ 8.76 ಯೂನಿಟ್ ವಿದ್ಯುತ್ತನ್ನು ಬಳಸಿರುತ್ತದೆ (ಒಂದು ಯೂನಿಟ್ ಎಂದರೆ 1,000 ವ್ಯಾಟ್-ಗಂಟೆ). ಅಂದರೆ ವ್ಯಾಟಿನ ಅಂಕಿಯನ್ನು ಹೆಚ್ಚುಕಡಿಮೆ ಒಂಬತ್ತರಿಂದ ಗುಣಿಸಿದರೆ ವಾರ್ಷಿಕ ಯೂನಿಟ್ಟುಗಳು ಸಿಗುತ್ತವೆ. ಈಗಿನ ಒಳ್ಳೆಯ ಗುಣಮಟ್ಟದ ಚಾರ್ಜರ್ ಫೋನ್ ಜೋಡಿಸದೆ ಇರುವಾಗ ಎಳೆಯುವುದು ಒಂದು ವ್ಯಾಟಿನ ಹತ್ತನೇ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ. ಯುರೋಪಿಯನ್ ಒಕ್ಕೂಟದಲ್ಲಿ 2020ರಿಂದ ಇಂಥ ಚಾರ್ಜರುಗಳಿಗೆ 0.1 ವ್ಯಾಟ್ ಎಂಬುದೇ ಕಾನೂನಿನ ಮಿತಿ. ವರ್ಷಪೂರ್ತಿ ಸಾಕೆಟ್ಟಿನಲ್ಲಿ ಬಿಟ್ಟರೂ ಅದರಿಂದ ಒಂದು ಯೂನಿಟ್ ತುಂಬುವುದಿಲ್ಲ. ಇತ್ತ ರಿಮೋಟಿನಿಂದ ಆರಿಸಿದ ಮೇಲೂ ಹತ್ತು ವ್ಯಾಟ್ ಎಳೆಯುವಂಥ ಸೆಟ್‌ಟಾಪ್ ಬಾಕ್ಸ್ ಇದ್ದರೆ, ದಿನಕ್ಕೆ ನಾಲ್ಕು ಗಂಟೆ ಟಿ.ವಿ. ನೋಡುವ ಮನೆಯಲ್ಲಿ, ಯಾರೂ ನೋಡದ ಉಳಿದ ಇಪ್ಪತ್ತು ಗಂಟೆಗಳ ಬಳಕೆಯೇ ವರ್ಷಕ್ಕೆ 73 ಯೂನಿಟ್ ಆಗುತ್ತದೆ.

ಚಾರ್ಜರಿಗೆ ಕೆಟ್ಟ ಹೆಸರು ಸುಮ್ಮನೆ ಬಂದದ್ದೂ ಅಲ್ಲ. ಹಿಂದಿನ ಅಡಾಪ್ಟರುಗಳೊಳಗೆ ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ಭಾರವಾದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಆಚೆ ಬದಿಗೆ ಏನನ್ನೂ ಜೋಡಿಸದಿದ್ದರೂ ಅದರ ಮೊದಲ ಸುರುಳಿಯಲ್ಲಿ ಕರೆಂಟ್ ಹರಿಯುತ್ತಲೇ ಇದ್ದು ತಿರುಳು ಬಿಸಿಯಾಗುತ್ತಿತ್ತು. ಖಾಲಿ ಅಡಾಪ್ಟರನ್ನು ಮುಟ್ಟಿದರೆ ಬೆಚ್ಚಗಿರುತ್ತಿದ್ದುದು ಅದಕ್ಕೇ. ಈಗಿನವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುವ ಇಲೆಕ್ಟ್ರಾನಿಕ್ ಸರ್ಕ್ಯೂಟಿನ ಮೇಲೆ ನಡೆಯುತ್ತವೆ. ಆದ್ದರಿಂದ ಅವು ಹಗುರವಾಗಿರುತ್ತವೆ, ಕೆಲಸವಿಲ್ಲದಾಗ ಬಹುಮಟ್ಟಿಗೆ ನಿದ್ದೆಗೆ ಜಾರುತ್ತವೆ. ನಿಮ್ಮ ಮನೆಯಲ್ಲಿ ಯಾವುದಾದರೂ ಹಳೆಯ ರೇಡಿಯೊ ಅಥವಾ ಕಾರ್ಡ್‌ಲೆಸ್ ಫೋನಿನ ಅಡಾಪ್ಟರ್ ಇನ್ನೂ ಕೈಗೆ ಬೆಚ್ಚಗೆ ಹತ್ತುವಂತಿದ್ದರೆ, ಅದನ್ನು ಖಂಡಿತ ಕಿತ್ತಿಡಿ.

ಸೆಟ್‌ಟಾಪ್ ಬಾಕ್ಸಿನ ಕಥೆ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಅನೇಕ ಮಾದರಿಗಳಲ್ಲಿ ರಿಮೋಟಿನ ಕೆಂಪು ಗುಂಡಿಯನ್ನು ಒತ್ತಿದಾಗ ಆಗುವುದು ಇಷ್ಟೇ: ಚಿತ್ರ ಹೊರಗೆ ಹೋಗುವುದು ನಿಲ್ಲುತ್ತದೆ ಮತ್ತು ಮುಂಭಾಗದ ದೀಪ ಬಣ್ಣ ಬದಲಿಸುತ್ತದೆ. ಕಾರ್ಯಕ್ರಮಗಳ ಪಟ್ಟಿಯನ್ನೂ ಚಾನೆಲ್ಲುಗಳ ಅನುಮತಿಯನ್ನೂ ತಂತ್ರಾಂಶದ ಹೊಸ ಆವೃತ್ತಿಯನ್ನೂ ಸ್ವೀಕರಿಸಲು ಸಿದ್ಧವಾಗಿರಬೇಕೆಂಬ ನೆಪದಲ್ಲಿ ಒಳಗಿನ ಟ್ಯೂನರ್, ಪ್ರೊಸೆಸರ್, ಕೆಲವೊಮ್ಮೆ ಹಾರ್ಡ್ ಡಿಸ್ಕ್ ಕೂಡ ಎಚ್ಚರವಾಗಿಯೇ ಇರುತ್ತವೆ. ಅಮೆರಿಕದ ಪರಿಸರ ಸಂಸ್ಥೆಯೊಂದು, ಎನ್‌ಆರ್‌ಡಿಸಿ, 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದ ಸೆಟ್‌ಟಾಪ್ ಬಾಕ್ಸುಗಳು 2010ರಲ್ಲಿ ಬಳಸಿದ ವಿದ್ಯುತ್ತು ಸುಮಾರು 2,700 ಕೋಟಿ ಯೂನಿಟ್. ಅದರಲ್ಲಿ ಮೂರರಲ್ಲಿ ಎರಡು ಪಾಲು ಖರ್ಚಾದದ್ದು ಯಾರೂ ನೋಡದಿದ್ದ, ಏನನ್ನೂ ರೆಕಾರ್ಡ್ ಮಾಡದಿದ್ದ ಹೊತ್ತಿನಲ್ಲಿ. ಮುಂದೆ ಅಲ್ಲಿನ ಕೇಬಲ್ ಮತ್ತು ಉಪಗ್ರಹ ಟಿ.ವಿ. ಕಂಪನಿಗಳು ತಾವೇ ಒಪ್ಪಂದ ಮಾಡಿಕೊಂಡು ಕಡಿಮೆ ವಿದ್ಯುತ್ತಿನ ಪೆಟ್ಟಿಗೆಗಳನ್ನು ತಂದ ಮೇಲೆ ಈ ಬಳಕೆ ಗಣನೀಯವಾಗಿ ಇಳಿಯಿತು. ಅಂದರೆ ಕೆಂಪು ಗುಂಡಿ ಒತ್ತಿದ ಮೇಲೂ ಪೆಟ್ಟಿಗೆ ಎಚ್ಚರವಾಗಿದ್ದದ್ದು ತಾಂತ್ರಿಕ ಅನಿವಾರ್ಯತೆಯಿಂದಲ್ಲ, ಅದನ್ನು ಮಲಗಿಸಬೇಕೆಂದು ಯಾರೂ ಕೇಳದಿದ್ದುದರಿಂದ.

ಟಿ.ವಿ.ಯೂ ಗೇಮ್ ಆಡುವ ಕನ್ಸೋಲೂ ಇದೇ ಜಾತಿಗೆ ಸೇರುತ್ತಿವೆ. ಗುಂಡಿ ಒತ್ತಿದ ಕೂಡಲೇ ತೆರೆ ಬೆಳಗಲಿ ಎಂದು ‘ಕ್ವಿಕ್ ಸ್ಟಾರ್ಟ್’ ಎಂಬ ಸೌಲಭ್ಯವನ್ನು ಸೆಟ್ಟಿಂಗಿನಲ್ಲಿ ಇಟ್ಟಿರುತ್ತಾರೆ. ಅರೆ ವ್ಯಾಟಿನಲ್ಲಿ ಮಲಗಬಹುದಾಗಿದ್ದ ಯಂತ್ರ, ಕೆಲವು ಮಾದರಿಗಳಲ್ಲಿ ಅದರ ದೆಸೆಯಿಂದಲೇ ಹತ್ತು ವ್ಯಾಟಿಗೂ ಮೀರಿ ಎಳೆಯುತ್ತದೆ. ಅದರಿಂದ ತಪ್ಪುವುದು ಕೆಲವೇ ಸೆಕೆಂಡುಗಳ ಕಾಯುವಿಕೆ. ಅಷ್ಟು ಅವಸರ ಯಾರಿಗಿದೆಯೋ ನನಗಂತೂ ಗೊತ್ತಿಲ್ಲ. ಮೈಕ್ರೋವೇವ್ ಓವನ್ನಿನ ಗಡಿಯಾರವೂ ಹಾಗೆಯೇ: ಮೂರು ವ್ಯಾಟ್ ಎಂದು ಹಿಡಿದರೂ ದಿನಕ್ಕೆ 72 ವ್ಯಾಟ್-ಗಂಟೆ ಆಯಿತು, 1,200 ವ್ಯಾಟ್ ಎಳೆಯುವ ಓವನ್ನು ಮೂರೂವರೆ ನಿಮಿಷ ಬಿಸಿಮಾಡಲು ಬಳಸುವಷ್ಟು. ಕಂಪ್ಯೂಟರಿನ ಸ್ಕ್ರೀನ್ ಸೇವರ್ ಬಗ್ಗೆಯೂ ಒಂದು ಮಾತು. ಹಳೆಯ ಚಿತ್ರನಳಿಕೆಯ ಮಾನಿಟರುಗಳಲ್ಲಿ ಒಂದೇ ಚಿತ್ರ ಅಚ್ಚೊತ್ತಿ ಉಳಿಯದಿರಲೆಂದು ಬಂದ ಅದು ವಿದ್ಯುತ್ತನ್ನು ಉಳಿಸುವುದಿಲ್ಲ. ಉಳಿಸುವುದು ತೆರೆಯನ್ನು ಆರಿಸಿ ಯಂತ್ರವನ್ನು ‘ಸ್ಲೀಪ್’ಗೆ ಕಳುಹಿಸುವ ಸೆಟ್ಟಿಂಗ್.

ಇವೆಲ್ಲ ನಿಮ್ಮ ಮನೆಯಲ್ಲಿ ಎಷ್ಟೆಂದು ತಿಳಿಯಲು ಯಾವ ಲೇಖನವನ್ನೂ ನಂಬಬೇಕಾಗಿಲ್ಲ, ಈ ಬರಹವನ್ನೂ ಕೂಡ. ಇಲೆಕ್ಟ್ರಾನಿಕ್ ಮೀಟರುಗಳ ಮುಖದಲ್ಲಿ ಮಿಣುಕುವ ಒಂದು ಚಿಕ್ಕ ದೀಪವಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದನ್ನು ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ರಾತ್ರಿ ಮಲಗುವ ಹೊತ್ತಿಗೆ ದೀಪ, ಫ್ಯಾನುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಕಂಪ್ರೆಸರ್ ನಿಂತಿರುವಾಗ ಎರಡು ಮಿಣುಕುಗಳ ನಡುವಿನ ಸೆಕೆಂಡುಗಳನ್ನು ಎಣಿಸಿ. ಮೀಟರಿನಲ್ಲಿ 3,200 ಎಂದಿದ್ದು, ಮೂವತ್ತು ಸೆಕೆಂಡಿಗೊಮ್ಮೆ ದೀಪ ಮಿಣುಕಿದರೆ, ಒಂದು ಯೂನಿಟ್ಟಿನಲ್ಲಿರುವ 36 ಲಕ್ಷ ವ್ಯಾಟ್-ಸೆಕೆಂಡುಗಳನ್ನು 3,200ರಿಂದಲೂ ಬಂದ ಉತ್ತರವನ್ನು 30ರಿಂದಲೂ ಭಾಗಿಸಿ: 37.5 ವ್ಯಾಟ್. ಮನೆಮಂದಿಯೆಲ್ಲ ನಿದ್ದೆ ಹೋಗಿರುವಾಗಲೂ ಹರಿಯುವ ಈ ಕರೆಂಟ್ ವರ್ಷವಿಡೀ ಹಾಗೇ ಹರಿದರೆ 328 ಯೂನಿಟ್ ಆಗುತ್ತದೆ. ಆಮೇಲೆ ಒಂದೊಂದೇ ಪ್ಲಗ್ಗನ್ನು ಕೀಳುತ್ತ ಮತ್ತೆ ಎಣಿಸಿದರೆ ಯಾರ ಪಾಲು ಎಷ್ಟೆಂಬುದು ತಾನಾಗಿ ಬಯಲಾಗುತ್ತದೆ. ಚಾರ್ಜರ್ ಕಿತ್ತಾಗ ಏನೂ ಬದಲಾಗದಿರುವುದೂ ಕಣ್ಣಿಗೆ ಬೀಳುತ್ತದೆ.

ಹಾಗೆಂದು ಕಂಡದ್ದನ್ನೆಲ್ಲ ಗೋಡೆಯ ಸ್ವಿಚ್ಚಿನಲ್ಲೇ ಆರಿಸುವ ಉತ್ಸಾಹವೂ ಸಲ್ಲದು. ಓಎಲ್‌ಇಡಿ ಟಿ.ವಿ.ಗಳು ಆರಿದ ಮೇಲೆ ಕೆಲವು ನಿಮಿಷ ತಮ್ಮ ಪಿಕ್ಸೆಲ್ಲುಗಳನ್ನು ಸರಿದೂಗಿಸಿಕೊಳ್ಳುತ್ತವೆ. ಆ ಕೆಲಸ ಮುಗಿಯುವ ಮೊದಲು ಕರೆಂಟ್ ಕಡಿಯಬಾರದು. ಇಂಕ್‌ಜೆಟ್ ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿದರೆ ಮಾತ್ರ ಶಾಯಿ ಚಿಮ್ಮಿಸುವ ತಲೆ (ಪ್ರಿಂಟ್ ಹೆಡ್) ಮುಚ್ಚಳದಡಿ ಹೋಗಿ ನಿಲ್ಲುತ್ತದೆ; ನೇರವಾಗಿ ಸ್ವಿಚ್ ಆರಿಸಿದರೆ ಅದು ಒಣಗಿ, ಉಳಿಸಿದ ವಿದ್ಯುತ್ತಿಗಿಂತ ಶಾಯಿಯ ಖರ್ಚೇ ದುಬಾರಿಯಾಗುತ್ತದೆ. ರೌಟರ್ ಬಗ್ಗೆ ಅವರವರ ಮನೆಯೇ ತೀರ್ಮಾನಿಸಲಿ: ಎಂಟು ವ್ಯಾಟಿನದಾದರೆ ರಾತ್ರಿಯ ಎಂಟು ಗಂಟೆ ಆರಿಸಿದ್ದಕ್ಕೆ ವರ್ಷಕ್ಕೆ 23 ಯೂನಿಟ್ ಉಳಿಯುತ್ತದೆ, ಆದರೆ ಫೋನ್ ಅಥವಾ ಕ್ಯಾಮೆರಾ ಅದನ್ನೇ ಅವಲಂಬಿಸಿರುವ ಮನೆಯಲ್ಲಿ ಅದು ಆಗದ ಮಾತು. ಟಿ.ವಿ., ಸೆಟ್‌ಟಾಪ್ ಬಾಕ್ಸ್, ಸ್ಪೀಕರುಗಳನ್ನು ಸ್ವಿಚ್ಚಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿದರೆ ಒಂದೇ ಬೆರಳಿನಲ್ಲಿ ಕೆಲಸ ಮುಗಿಯುತ್ತದೆ; ಸೋಫಾದ ಹಿಂದೆ ಬಗ್ಗಿ ಕೈಹಾಕಬೇಕಾದ ಕೆಲಸವನ್ನು ಯಾರೂ ದಿನಾ ಮಾಡುವುದಿಲ್ಲ.

ದಿನಾ ಮಾಡಬೇಕೆಂದು ಬಯಸುವುದೂ ಪೂರ್ತಿ ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಟ್ಯಾಂಡ್‌ಬೈ ನಷ್ಟ, ಅಂದರೆ ಆರಿಸಿದ ಮೇಲೂ ಉಪಕರಣ ಎಳೆಯುತ್ತಲೇ ಇರುವ ವಿದ್ಯುತ್ತು, ಕಡಿಮೆಯಾದದ್ದು ಬಳಕೆದಾರರ ಶಿಸ್ತಿಗಿಂತ ಹೆಚ್ಚಾಗಿ ತಯಾರಕರ ಮೇಲೆ ಬಿದ್ದ ನಿಯಮಗಳಿಂದ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಅಲನ್ ಮಯರ್ ಅವರು ಮುಂದಿಟ್ಟ ‘ಒಂದು ವ್ಯಾಟ್’ ಎಂಬ ಗುರಿಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಎತ್ತಿಕೊಂಡಿತು. ಯುರೋಪಿಯನ್ ಒಕ್ಕೂಟ 2010ರಿಂದ ಸಾಮಾನ್ಯ ಗೃಹೋಪಕರಣಗಳಿಗೆ ಒಂದು ವ್ಯಾಟಿನ ಮಿತಿಯನ್ನು ಕಡ್ಡಾಯ ಮಾಡಿತು, 2013ರಲ್ಲಿ ಅದನ್ನು ಅರೆ ವ್ಯಾಟಿಗೆ ಇಳಿಸಿತು. ಆದರೆ ಉಪಕರಣಗಳು ಸದಾ ವೈಫೈಗೆ ಕಿವಿಗೊಟ್ಟು ಕೂರತೊಡಗಿದ ಮೇಲೆ ಅವುಗಳಿಗೆ ಪ್ರತ್ಯೇಕವಾದ, ಸಡಿಲವಾದ ಮಿತಿ ಬೇಕಾಯಿತು. ಆದ್ದರಿಂದ ಹೊಸದನ್ನು ಕೊಳ್ಳುವಾಗ ತಾಂತ್ರಿಕ ವಿವರಗಳ ಪುಟದಲ್ಲಿ ‘ಸ್ಟ್ಯಾಂಡ್‌ಬೈ 0.5 ವ್ಯಾಟ್’ ಎಂದು ಕಂಡರೆ ಅಲ್ಲಿಗೇ ನಿಲ್ಲಬೇಡಿ. ‘ನೆಟ್‌ವರ್ಕ್ ಸ್ಟ್ಯಾಂಡ್‌ಬೈ’ ಎಂಬ ಇನ್ನೊಂದು ಸಾಲಿದೆಯೇ ನೋಡಿ, ಏಕೆಂದರೆ ವೈಫೈ ಜೋಡಿಸಿಟ್ಟ ಉಪಕರಣ ನಿಜವಾಗಿ ಎಳೆಯುವುದು ಆ ಸಾಲಿನಲ್ಲಿ ಬರೆದಿರುವಷ್ಟನ್ನು.