ಗೇರ್‌ಬಾಕ್ಸಿನ ತೂತು ಮತ್ತು ನಮ್ಮ ಮನೆಯ ತಜ್ಞರು

ಎಂಜಿನ್ ಆಯಿಲ್ ನೋಡೋಕೆ ಒಂದು ಕಡ್ಡಿ ಇದೆ. ಬ್ರೇಕ್ ಆಯಿಲ್‌ಗೆ ಗೆರೆ ಹಾಕಿದ ಡಬ್ಬಿ ಇದೆ. ಗಾಜು ತೊಳೆಯುವ ನೀರಿಗೂ ಒಂದು ಬಾಟಲಿ ಕೊಟ್ಟಿದ್ದಾರೆ. ಹಳೇ ಕಾರುಗಳ ಗೇರ್‌ಬಾಕ್ಸ್‌ಗೆ ಮಾತ್ರ ಸಾಮಾನ್ಯವಾಗಿ ಇದ್ಯಾವುದೂ ಇಲ್ಲ. ಅದರ ಪಕ್ಕದಲ್ಲಿ ಒಂದು ತೂತು, ತೂತಿಗೊಂದು ಪ್ಲಗ್. ಕಾರಿನ ಕೆಳಗೆ ಮಲಗಿ, ಪ್ಲಗ್ ಬಿಚ್ಚಿ, ಬೆರಳು ಹಾಕಿ ನೋಡಬೇಕು. ಆಯಿಲ್ ತೂತಿನ ಕೆಳ ಅಂಚಿನವರೆಗೆ ಇದ್ದರೆ ಸರಿ. ಬೆರಳಿಗೆ ಸಿಗದಷ್ಟು ಕೆಳಗಿದ್ದರೆ ಹಾಕಬೇಕು. ತೆಗೆದ ಕೂಡಲೇ ಮುಖದ ಮೇಲೆ ಸುರಿದರೆ ಜಾಸ್ತಿಯಾಗಿದೆ ಎಂದು ಅರ್ಥ.

ಇಲ್ಲಾಂದ್ರೆ ಕಾರು ಓರೆಯಾಗಿ ನಿಂತಿದೆ ಎಂದೂ ಅರ್ಥ. ತೊಡಕಿರುವುದೇ ಇಲ್ಲಿ. ಕಾರು ಮಟ್ಟಸವಾಗಿ ನಿಂತಿರಬೇಕು. ಆದರೆ ಮಟ್ಟಸವಾಗಿ ನಿಂತ ಕಾರಿನ ಕೆಳಗೆ ಮನುಷ್ಯ ನುಗ್ಗೋಕಾಗಲ್ಲ. ಒಂದು ಕಡೆ ಜಾಕಿ ಕೊಟ್ಟರೆ ನುಗ್ಗಬಹುದು, ಆದರೆ ಆಗ ಆಯಿಲ್ ಒಂದು ಕಡೆಗೆ ವಾಲಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಗ್ಯಾರೇಜಿನವರು ಗುಂಡಿ ತೋಡಿಸಿಕೊಂಡಿರುತ್ತಾರೆ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆ ಮುಂದೆ ಗುಂಡಿ ತೋಡೋಣ ಎಂದು ಅಪ್ಪ ಒಮ್ಮೆ ಹೇಳಿ, ಅಮ್ಮ ಏನೂ ಮಾತಾಡದೇ ನೋಡಿದ ನೋಟಕ್ಕೆ ಸುಮ್ಮನಾದರು.

ನಮ್ಮದು 796 ಸಿಸಿಯ, ನಾಲ್ಕು ಗೇರಿನ ಪುಟ್ಟ ಕಾರು. ಹೆಸರು ಹೇಳಬೇಕಾಗಿಲ್ಲ, ನಿಮ್ಮ ಚಿಕ್ಕಪ್ಪನ ಹತ್ತಿರವೂ ಒಂದಿತ್ತು. ನಮ್ಮದು 1997ರದ್ದು. ಆ ವಯಸ್ಸಿಗೆ ರಬ್ಬರ್ ಸೀಲುಗಳು ಗಟ್ಟಿಯಾಗಿ ಸೋರುವುದು ಸಹಜ, ಯಾರನ್ನೂ ದೂರುವಂತಿಲ್ಲ. ಆದರೆ ಅದು ಸೋರತೊಡಗಿದ್ದು ನನ್ನ ಹೆಂಡತಿ ಪೋರ್ಟಿಕೋಗೆ ತಿಳಿಬಣ್ಣದ ಟೈಲ್ಸ್ ಹಾಕಿಸಿದ ಮೇಲೆ. ಹಳೇ ಸಿಮೆಂಟ್ ನೆಲ ಅಷ್ಟೂ ವರ್ಷ ಏನೇನು ಕುಡಿದು ಸುಮ್ಮನಿತ್ತೋ ಯಾರಿಗೆ ಗೊತ್ತು.

ಅಪ್ಪ ನಿವೃತ್ತರು. ಕಾರಿನ ಕೆಳಗೆ ಹಳೇ ಪೇಪರ್ ಹಾಸಿ, ಬೆಳಿಗ್ಗೆ ಎದ್ದು ಬಿದ್ದ ತೊಟ್ಟುಗಳ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯತೊಡಗಿದರು. ಈ ಕೆಲಸ ನೋಡೋಕೆ ತಮಾಷೆ, ಆದರೆ ಉಪಯೋಗದ್ದೇ. ಕಪ್ಪಗಿದ್ದರೆ ಎಂಜಿನ್ ಆಯಿಲ್. ಹಸಿರಾಗಿದ್ದರೆ ಕೂಲೆಂಟ್. ಚಕ್ರದ ಒಳಬದಿಯಲ್ಲಿ ತೆಳ್ಳಗೆ ಜಾರುವಂಥದ್ದು ಇಳಿದಿದ್ದರೆ ಬ್ರೇಕ್ ಆಯಿಲ್, ಆಗ ಗಾಡಿ ತೆಗೆಯಲೇಬಾರದು. ನಮ್ಮದು ಜೇನುಬಣ್ಣದ್ದು, ಮಂದ, ಮತ್ತು ಮೂಗಿಗೆ ಹತ್ತಿರ ಹಿಡಿದರೆ ತಲೆ ಹಿಂದಕ್ಕೆ ಹೋಗುವಂಥ ವಾಸನೆಯದು. ಗೇರ್ ಆಯಿಲ್, ಅನುಮಾನವೇ ಇಲ್ಲ. ಹಲ್ಲುಗಳು ಒಂದನ್ನೊಂದು ಉಜ್ಜಿ ಸವೆಯದಿರಲಿ ಎಂದು ಅದಕ್ಕೆ ಗಂಧಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಅದರದ್ದೇ ಆ ವಾಸನೆ.

ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲವಲ್ಲ, ಸೋರಿದರೆ ಗೊತ್ತಾಗಲಿ ಎಂದು ಅದಕ್ಕೂ ಗಂಧಕದ್ದೇ ಒಂದು ವಸ್ತುವನ್ನು ಸೇರಿಸುತ್ತಾರೆ. ಇದು ನನಗೆ ತಿಳಿದದ್ದು ಪಕ್ಕದ ಮನೆ ಆಂಟಿ ಒಂದು ಸಂಜೆ ಗೇಟು ಬಡಿದು, "ನಿಮ್ಮ ಸಿಲಿಂಡರ್ ಲೀಕ್ ಆಗ್ತಿದೆ ಕಣ್ರೀ, ಲೈಟ್ ಹಾಕ್ಬೇಡಿ!" ಎಂದು ಕೂಗಿದಾಗ. ಅಮ್ಮ ಒಲೆ ಆರಿಸಿದರು, ಹೆಂಡತಿ ಕಿಟಕಿ ತೆಗೆದಳು, ಎಲ್ಲರೂ ಕತ್ತಲಲ್ಲಿ ಹೊರಗೆ ಬಂದು ನಿಂತೆವು. ಅಪ್ಪ ಮಾತ್ರ ಪೇಪರ್ ಎತ್ತಿ ಆಂಟಿಯ ಮೂಗಿನ ಹತ್ತಿರ ಹಿಡಿದು, "ಇದೇ ಅಲ್ವಾ ನೋಡಿ" ಎಂದರು. ಇದೇ ಆಗಿತ್ತು. ಆಂಟಿ ಆಮೇಲೆ ಒಂದಷ್ಟು ದಿನ ನಮ್ಮ ಕಡೆಯ ಕಿಟಕಿ ತೆಗೆಯಲಿಲ್ಲ.

ಊರಿಂದ ಬಂದ ದೊಡ್ಡಪ್ಪ ಬೇರೆಯೇ ಔಷಧಿ ಹೇಳಿದರು. ಒಂದು ಹಿಡಿ ಮರದ ಹೊಟ್ಟು ಹಾಕಿಬಿಟ್ಟರೆ ಶಬ್ದವೂ ನಿಲ್ಲುತ್ತೆ, ಸೋರೋದೂ ನಿಲ್ಲುತ್ತೆ ಅಂತ. ಹಳೇ ಕಾರು ಮಾರುವವರು ಗಿರಾಕಿಗೆ ತೋರಿಸುವ ಮುಂಚೆ ಮಾಡುತ್ತಿದ್ದರೆಂದು ಹೇಳುವ ಕಸುಬು ಇದು. ಕಾರು ಮಾರುವವನಿಗೆ ಒಳ್ಳೇದೇ. ಇಟ್ಟುಕೊಳ್ಳುವವನಿಗಲ್ಲ.

ಇಷ್ಟರಲ್ಲಿ ಭಾವಮೈದ ಬೆಂಗಳೂರಿನಿಂದ ಬಂದ. ಸಾಫ್ಟ್‌ವೇರ್‌ನಲ್ಲಿದ್ದಾನೆ, ವಿಡಿಯೋ ನೋಡಿ ಎಲ್ಲ ಕಲಿತಿದ್ದಾನೆ. "ಭಾವ, ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ? ನಾಳೆ ಭಾನುವಾರ, ನಾನೇ ಆಯಿಲ್ ಬದಲಾಯಿಸ್ತೀನಿ" ಎಂದ. ನಾನು ಬೇಡ ಅಂದೆ. ಹೆಂಡತಿ, "ಅವನು ಕೈ ಹಾಕಿದ ಕೆಲಸ ಬಿಡೋನಲ್ಲ" ಎಂದಳು. ಅಪ್ಪ, ಮನೆ ಕಟ್ಟುವಾಗ ಉಳಿದಿದ್ದ ರಸಮಟ್ಟ ಹುಡುಕಿ ತಂದು ಕಾರಿನ ಬಾಗಿಲ ಅಡಿಪಟ್ಟಿಗೆ ಒರಗಿಸಿ, ಗುಳ್ಳೆ ನಡುವೆ ಬರುವವರೆಗೂ ನಾಲ್ಕು ಕಡೆಯೂ ಸ್ಟ್ಯಾಂಡ್ ಕೊಡಿಸಿದರು. ಆ ದಿನ ಸರಿಯಾಗಿ ನಡೆದ ಕೆಲಸ ಅದೊಂದೇ.

ಭಾವಮೈದ ಕೆಳಗೆ ನುಗ್ಗಿ ಮೊದಲು ತಳದ ಪ್ಲಗ್ ಬಿಚ್ಚಿದ. ಸಲೀಸಾಗಿ ಬಂತು. ಅಮ್ಮ ಹಪ್ಪಳದ ಹಿಟ್ಟು ಕಲಸುವ ಬೇಸಿನ್‌ಗೆ ಆಯಿಲ್ ಪೂರ್ತಿ ಇಳಿಯಿತು. (ಬೇಸಿನ್ ಯಾರು ಕೊಟ್ಟರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.) ಆಮೇಲೆ ಪಕ್ಕದ ತೂತಿನ ಪ್ಲಗ್‌ಗೆ ಪಾನಾ ಹಾಕಿದ. ಬರಲಿಲ್ಲ. ಜೋರಾಗಿ ತಿರುಗಿಸಿದ. ಪಾನಾ ಜಾರಿ ಪ್ಲಗ್‌ನ ಮೂಲೆಗಳೆಲ್ಲ ಸವೆದು ಗುಂಡಗಾದವು. ಈಗ ಗೇರ್‌ಬಾಕ್ಸ್ ಖಾಲಿ, ತುಂಬಿಸುವ ದಾರಿ ಬಂದ್. ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗೋಣವೆಂದರೆ ಒಳಗೆ ತೊಟ್ಟು ಆಯಿಲ್ ಇಲ್ಲ. ಭಾನುವಾರ ಬೇರೆ. ಹೆಂಡತಿ, "ಮೊದಲೇ ತುಕ್ಕು ಹಿಡಿದಿತ್ತು, ಅವನೇನು ಮಾಡ್ತಾನೆ ಪಾಪ" ಎಂದು ತಿಂಡಿಗೆ ಇನ್ನೆರಡು ದೋಸೆ ಹಾಕಿದಳು. ನನಗಲ್ಲ.

ಸೋಮವಾರ ಬಂದ ಮೆಕ್ಯಾನಿಕ್ ಭಾಯ್ ಕೆಳಗೆ ಬಗ್ಗಿ ನೋಡಿದರು. ನಗಲಿಲ್ಲ. "ಯಾವಾಗ್ಲೂ ಹಾಕೋ ಪ್ಲಗ್ ಮೊದಲು ಬಿಚ್ಚಬೇಕು ಸಾರ್. ಅದು ಬಂದ್ರೆ ಮಾತ್ರ ಕೆಳಗಿಂದು. ಊಟ ರೆಡಿ ಇದೆಯಾ ನೋಡದೇ ಎಲೆ ಹಾಕಿದಂಗಾಯ್ತು ಇದು" ಎಂದರು. ಉಳಿ ಇಟ್ಟು ಹೊಡೆದು, ಬಿಸಿ ಮಾಡಿ, ಅಂತೂ ಪ್ಲಗ್ ತೆಗೆದರು.

ಸೋರಿಕೆ ಹುಡುಕೋದು ಇನ್ನೊಂದು ಕಥೆ. ಆಯಿಲ್ ಒಂದು ಕಡೆ ಹೊರಟು, ಗಾಳಿಗೆ ಹಿಂದಕ್ಕೆ ಹರಿದು, ಮತ್ತೊಂದು ಕಡೆ ತೊಟ್ಟಿಕ್ಕುತ್ತೆ. ತೊಟ್ಟು ಬಿದ್ದ ಜಾಗದ ಮೇಲೆ ಪೇಸ್ಟ್ ಹಚ್ಚಿದರೆ ಪ್ರಯೋಜನವಿಲ್ಲ. ಭಾಯ್ ಗೇರ್‌ಬಾಕ್ಸನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು ಒರೆಸಿ, ಹೊಸ ಆಯಿಲ್ ತುಂಬಿ, "ಮನೇಲಿ ಪೌಡರ್ ಇದ್ರೆ ಕೊಡಿ" ಎಂದರು. ಅಮ್ಮನ ಪೌಡರ್ ಡಬ್ಬಿ ಬಂತು. ಬೆಳ್ಳಗೆ ಮೇಕಪ್ ಮಾಡಿದ ಗೇರ್‌ಬಾಕ್ಸನ್ನು ಒಂದು ಸುತ್ತು ಓಡಿಸಿ ತಂದಾಗ, ಪೌಡರ್ ಮೇಲೆ ಒದ್ದೆ ದಾರಿ ಚೆನ್ನಾಗಿ ಕಾಣುತ್ತಿತ್ತು. ಅನುಮಾನ ಎಲ್ಲರ ಮೇಲೂ ಇತ್ತು: ಸ್ಪೀಡೋಮೀಟರ್ ಕೇಬಲ್ ಸೇರುವ ಜಾಗ, ಗೇರ್ ಹಾಕುವ ರಾಡ್‌ನ ಸೀಲ್, ತಳದ ಪ್ಲಗ್‌ನ ವಾಷರ್. ಸಿಕ್ಕಿಬಿದ್ದದ್ದು ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್‌ನ ಆಯಿಲ್ ಸೀಲ್. ಜೊತೆಗೆ ಮೇಲಿನ ಬ್ರೀದರ್‌ನಲ್ಲಿ, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿಯಲ್ಲಿ, ಮಣ್ಣು ಮೆತ್ತಿತ್ತು. ಕಣಜ ಕಟ್ಟಿದ ಗೂಡು. ಆಯಿಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತೆ, ಹೋಗೋಕೆ ದಾರಿ ಇಲ್ಲದೆ ಸೀಲನ್ನು ಒತ್ತಿ ಆಯಿಲನ್ನು ಹೊರಗೆ ತಳ್ಳುತ್ತೆ. ಗೂಡು ತೆಗೆಯದೇ ಸೀಲ್ ಮಾತ್ರ ಬದಲಿಸಿದ್ದರೆ ಹೊಸದೂ ಸೋರುತ್ತಿತ್ತು.

ಶಾಫ್ಟ್ ಎಳೆದಾಗ ಹಾಕಿದ ಆಯಿಲ್ ಮತ್ತೆ ಕೆಳಗೆ ಬಂತು. ಮತ್ತೆ ಆಯಿಲ್ ಬೇಕಾಯಿತು. ಭಾವಮೈದ ಓಡಿಹೋಗಿ ಡಬ್ಬಿ ತಂದ. ಭಾಯ್ ಹೇಳಿದ್ದು ಜಿಎಲ್-4 ದರ್ಜೆಯ ಗೇರ್ ಆಯಿಲ್. ತಂದದ್ದು ಜಿಎಲ್-5. "ನಾಲ್ಕಕ್ಕಿಂತ ಐದು ಒಳ್ಳೇದಲ್ವಾ ಭಾವ?" ಐದರಲ್ಲಿ ಆ ಗಂಧಕದ ಮಾಲು ಜಾಸ್ತಿ. ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆ ಉಂಗುರಗಳಿಗೆ ಕೆಲವು ಜಿಎಲ್-5 ಆಯಿಲ್‌ಗಳು ಆಗಿಬರಲ್ಲ. ಕಾರಿನ ಪುಸ್ತಕದಲ್ಲಿ ನಾಲ್ಕು ಅಂತಿದ್ದರೆ ನಾಲ್ಕೇ. ಅವನು ವಾಪಸ್ ಹೋದ. ಅಂಗಡಿಯವರು ಬದಲಿಸಿಕೊಡಲಿಲ್ಲ. ಆ ಡಬ್ಬಿ ಈಗಲೂ ಅಟ್ಟದ ಮೇಲಿದೆ, ಬೇಕಾದವರು ಬಂದು ತಗೊಂಡು ಹೋಗಬಹುದು.

ಈಗ ತೊಟ್ಟು ಬೀಳುವುದು ನಿಂತಿದೆ. ಸೀಲ್ ಹತ್ತಿರ ಒಂಚೂರು ಜಿಡ್ಡು ಕಾಣುತ್ತೆ. "ಬೆವರಿದ್ರೆ ಬಿಡಿ ಸಾರ್, ತೊಟ್ಟಿಕ್ಕಿದ್ರೆ ಬನ್ನಿ" ಎಂದಿದ್ದಾರೆ ಭಾಯ್. ನನಗೂ ಅದೇ ಸರಿ ಅನ್ನಿಸುತ್ತೆ. ಹಳೇ ಗಾಡಿಯ ಒಂದೊಂದು ಜಿಡ್ಡಿಗೂ ಗೇರ್‌ಬಾಕ್ಸ್ ಇಳಿಸುತ್ತಾ ಹೋದರೆ ಗಾಡಿ ಓಡಿಸೋದು ಯಾವಾಗ? ಆಗಾಗ ಗುಂಡಿ ಮೇಲೆ ನಿಲ್ಲಿಸಿ ಮಟ್ಟ ನೋಡಿಸಿದರೆ ಸಾಕು. ಮೊದಲನೇ ಗೇರಿನಲ್ಲಿ ಗೊಂಯ್ ಅನ್ನತೊಡಗಿದರೆ, ಗೇರ್ ಗಟ್ಟಿಯಾಗಿ ಬೀಳತೊಡಗಿದರೆ, ಅದಕ್ಕೂ ಮೊದಲೇ ನೋಡಬೇಕಿತ್ತು ಅಂತ.

ಕೆಲಸ ಕಳೆದುಕೊಂಡದ್ದು ಅಪ್ಪ. ಹೋದ ತಿಂಗಳು ಭಾವಮೈದ ಹೊಸ ಆಟೋಮ್ಯಾಟಿಕ್ ಕಾರು ತಂದು ಪೋರ್ಟಿಕೋದಲ್ಲಿ ನಿಲ್ಲಿಸಿದ. ಅವನು ಕಾಫಿ ಕುಡಿದು ಬರುವಷ್ಟರಲ್ಲಿ ಅಡಿಯಲ್ಲಿ ಪೇಪರ್ ಹಾಸಿತ್ತು. ಎಸಿ ನೀರಿನ ತೊಟ್ಟಿನ ಸುತ್ತ ಪೆನ್ಸಿಲ್ ಗೆರೆಯೂ ಬಿದ್ದಿತ್ತು. ಅಪ್ಪ ರಸಮಟ್ಟ ಕೈಲಿ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದು, "ಇದರದ್ದು ತೂತು ಯಾವ ಕಡೆಗಿದೆಯಪ್ಪಾ?" ಎಂದು ಕೇಳಿದರು.

ಭಾವಮೈದ ಕಾರನ್ನು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿ ಬಂದ.