ಲಾಸ್ಟ್ ಸೆಟ್ ಬ್ರೋ

ಇವತ್ತೂ ಬೆಂಚ್ ಸಿಗ್ಲಿಲ್ಲ. ಅಂದ್ರೆ ಸಿಕ್ತು, ಆದ್ರೆ ಸಿಗೋ ಹೊತ್ತಿಗೆ ವಾರ್ಮಪ್ ಮಾಡಿದ್ದ ಮೈಯೆಲ್ಲ ತಣ್ಣಗಾಗಿತ್ತು. ಇಂಥವನೊಬ್ಬ ಎಲ್ಲಾ ಜಿಮ್ಮಲ್ಲೂ ಇರ್ತಾನೆ, ನಿಮಗೂ ಗೊತ್ತು. ಬೆಂಚ್ ಪ್ರೆಸ್ ಮೇಲೆ ಕೂತು ಮೊಬೈಲ್ ನೋಡ್ತಿರ್ತಾನೆ, "ಇನ್ನೆಷ್ಟಿದೆ ಬ್ರೋ?" ಅಂದ್ರೆ ತಲೆ ಎತ್ತದೇನೇ "ಲಾಸ್ಟ್ ಸೆಟ್" ಅಂತಾನೆ.

ಆ ಲಾಸ್ಟ್ ಸೆಟ್ಟಿಗೆ ಕೊನೆ ಅನ್ನೋದೇ ಇಲ್ಲ. ಮುಗೀತು ಅಂತ ನಾನು ಟವೆಲ್ ಹಿಡ್ಕೊಂಡು ಮುಂದೆ ಹೋದ್ರೆ ಎರಡೂ ಕಡೆಯಿಂದ ಒಂದೊಂದು ಪ್ಲೇಟ್ ತೆಗೆದು ಮತ್ತೆ ಮಲಗ್ದ, "ಡ್ರಾಪ್ ಸೆಟ್ ಬ್ರೋ, ಎಲ್ಲಾ ಸೇರಿ ಒಂದೇ ಲೆಕ್ಕ." ಡ್ರಾಪ್ ಸೆಟ್ ಅಂದ್ರೆ ವೇಟ್ ಇಳಿಸಿ ರೆಸ್ಟ್ ಇಲ್ದೇ ಮುಂದುವರಿಸೋದು ಮಾರಾಯ, ಇವನು ಮಧ್ಯ ಮೂರು ರೀಲ್ಸ್ ನೋಡ್ದ. ಅದೂ ಆಗಿ ಎದ್ದು ಡಂಬೆಲ್ ಕಡೆ ಹೋದ, ಸದ್ಯ ಅಂತ ನಾನು ಕೂರೋಕೆ ಹೋದ್ರೆ ಅಲ್ಲಿಂದಲೇ ಕೂಗ್ದ, "ಸೂಪರ್ ಸೆಟ್ ಬ್ರೋ!" ಅಂದ್ರೆ ಎರಡು ಎಕ್ಸರ್‌ಸೈಜ್ ಗ್ಯಾಪಿಲ್ದೇ ಒಂದರ ಹಿಂದೊಂದು ಮಾಡೋದು. ನೋಡಿದ್ರೆ ಬೆಂಚ್ ಮೇಲೆ ಅವನ ನೀರಿನ ಬಾಟ್ಲಿ ಸೀಟ್ ಹಿಡಿದು ಕೂತಿದೆ. ಆಮೇಲೆ ರೆಸ್ಟ್-ಪಾಸ್, ಅಂದ್ರೆ ಒಂದೇ ಸೆಟ್ಟನ್ನ ಮಧ್ಯ ಮಧ್ಯ ಸ್ವಲ್ಪ ನಿಲ್ಲಿಸಿ ಮುಂದುವರಿಸೋದು. ಅದ್ರಲ್ಲಿ ಗ್ಯಾಪ್ ಇರೋದು 15-20 ಸೆಕೆಂಡ್, ಇವನಿಗೆ ಆ ಗ್ಯಾಪಲ್ಲಿ ಫೋನ್ ಬಂತು, ಯಾರದೋ ಮದುವೆ ಮಾತು ಪೂರ್ತಿ ಮುಗಿಸ್ದ. ಟೈಮ್ ಉಳಿಸೋ ಟೆಕ್ನಿಕ್ಕುಗಳನ್ನೇ ಹಿಡ್ಕೊಂಡು ಇಷ್ಟು ಟೈಮ್ ಕಳೆಯೋಕೂ ಒಂದು ಪ್ರತಿಭೆ ಬೇಕು ಬಿಡಿ.

ಕಾಯ್ತಾ ನಿಂತಾಗ ಎದುರಿಗೆ ಕನ್ನಡಿ ಬೇರೆ. ಗೋಡೆ ಮೇಲೆ 7 ಸಲ ಮಿಸ್ಟರ್ ಒಲಿಂಪಿಯಾ ಗೆದ್ದ ಆರ್ನಾಲ್ಡ್, ಅವನ ಕೆಳಗೆ ನಾನು. ಮೊದಮೊದಲು ವಾರವಾರ ವೇಟ್ ಏರ್ತಾ ಇದ್ದಾಗ ಎಷ್ಟು ಖುಷಿ ಇತ್ತು! ಅದು ಹೆಚ್ಚಿನಂಶ ಮಸಲ್ಸ್ ಬೆಳೆದಿದ್ದಲ್ಲ, ಇರೋ ಮಸಲ್ಸನ್ನೇ ನರಗಳು ಸರಿಯಾಗಿ ಬಳಸೋದು ಕಲಿತಿದ್ದು ಅಂತ ಆಮೇಲೆಲ್ಲೋ ಓದ್ದೆ. ಓದ್ಬಾರ್ದಿತ್ತು. ಈಗ ಎರಡೂವರೆ ಕೆಜಿ ಏರಿಸೋಕೆ ತಿಂಗಳುಗಟ್ಟಲೆ ಒದ್ದಾಡ್ಬೇಕು, ಟೀ ಶರ್ಟಿನ ತೋಳು ಮಾತ್ರ ಇನ್ನೂ ಲೂಸೇ. ಆದ್ರೂ ಬೆಳಗ್ಗೆ ಅಲಾರಂ ಹೊಡೆದ್ರೆ ಏಳ್ತೀನಿ. ಯಾಕೆ ಅಂತ ಕೇಳ್ಬೇಡಿ.

ಕೊನೆಗೂ ಎದ್ದ, ಪ್ಲೇಟೆಲ್ಲ ಹಾಗೇ ಬಿಟ್ಟು. 20 ಕೆಜಿ ಪ್ಲೇಟುಗಳನ್ನ ನಾನೇ ಹೊತ್ತು ಇಳಿಸಿ, ನನ್ನ ಸಣ್ಣ ಪ್ಲೇಟ್ ಹಾಕಿ (ಅದನ್ನ ಮಾತ್ರ ಅವನು ಫೋನ್ ಬಿಟ್ಟು ನೋಡ್ತಾ ನಿಂತಿದ್ದ), ಹತ್ತು ಹೊಡೆದು ಏದುಸಿರು ಬಿಡ್ತಾ ಎದ್ದು ಕೂತೆ. ಒಂದು ನಿಮಿಷ ಆಗಿತ್ತೋ ಇಲ್ವೋ, ಬಂದು ಹೆಗಲು ತಟ್ಟಿದ.

"ಬ್ರೋ, ತಪ್ಪು ತಿಳ್ಕೋಬೇಡಿ, ನೀವು ರೆಸ್ಟ್ ತುಂಬಾ ತಗೋತೀರ. ಅದಕ್ಕೇ ಬಾಡಿ ಬರ್ತಿಲ್ಲ."