ಸ್ಪಷ್ಟನೆ: ಮೈಮುರಿದು ದುಡಿಯುವವರಿಗೂ ಬೊಜ್ಜು ಬರುತ್ತದೆ

"ಕೈಕೆಲಸ ಮಾಡುವವರಿಗೆ ಬೊಜ್ಜು ಬರುವುದಿಲ್ಲ, ಅವರು ಎಷ್ಟು ಹೊತ್ತು ಕುಳಿತರೂ ಅಡ್ಡಿಯಿಲ್ಲ" ಎಂಬ ಸಂದೇಶ ನಮ್ಮ ಪೀಣ್ಯದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ಅದನ್ನು ನಾನೂ ಕಳುಹಿಸಿದ್ದೆ. ಅದು ತಪ್ಪು.

ಕೈಕೆಲಸವೆಲ್ಲ ಮೈ ದಂಡಿಸುವ ಕೆಲಸವಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವವರು ಪಾಳಿಯುದ್ದಕ್ಕೂ ಕುಳಿತೇ ಇರುತ್ತಾರೆ. ದುಡಿಯುವುದು ಬೆರಳು, ಕಣ್ಣು, ಪೆಡಲ್ ಮೇಲಿನ ಪಾದ. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ, ನಿಜ. ಆದರೆ ನೋವಾಯಿತೆಂದ ಮಾತ್ರಕ್ಕೆ ಕೊಬ್ಬು ಕರಗಿತೆಂದಲ್ಲ. ಆಟೊ ಚಾಲಕರದೂ ಇದೇ ಪಾಡು. ಯಶವಂತಪುರ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಲೆಕ್ಕ ಬೇರೆ. ಆದರೂ ಕರಗಿಸಿದ್ದಕ್ಕಿಂತ ಹೆಚ್ಚು ತಿಂದರೆ ಅವರ ತೂಕವೂ ಏರುತ್ತದೆ. ದಿನಕ್ಕೆ ಆರು ಲೋಟ ಸಕ್ಕರೆ ಚಹಾ ಇಳಿಸುವ ನಾನು ಇದನ್ನು ಮರೆಯಬಾರದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರು ಕುಳಿತಿರುವ ಹೊತ್ತನ್ನು ತಗ್ಗಿಸಬೇಕು, ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಮಾಡಬೇಕು. ಕೆಲಸದ ಭಾಗವಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಕುಳಿತು ಮಾಡಿದ್ದು ಬರುವುದಿಲ್ಲ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಹೊಟ್ಟೆಯ ಬೊಜ್ಜು ಎನ್ನುತ್ತಾರೆ ವೈದ್ಯರು. ಹೊಲಿಗೆಯವರ ಮನೆಯಲ್ಲಿ ಟೇಪಿಗೇನು ಬರ, ಒಮ್ಮೆ ಅಳೆದು ನೋಡಿಕೊಳ್ಳಿ.

ನನ್ನ ಸಂದೇಶವನ್ನು ಅಳಿಸಿದ್ದೇನೆ. ನಿಮ್ಮ ಮೊಬೈಲಿಗೆ ಅದು ಬಂದಿದ್ದರೆ ದಯವಿಟ್ಟು ಮುಂದೆ ಕಳುಹಿಸಬೇಡಿ, ನಾನೇ ಕಳುಹಿಸಿದ್ದಾದರೂ.